ಫುಲ್ ಸ್ಟಾಕ್ ರೈಫಲ್, ಅಂದ್ರೆ ನಳಿಗೆಯ ತುದಿವರೆಗೂ ಮರ ಇರೋದು, ಕೊಳ್ಳೋ ಮುಂಚೆ ಮರ ಬಿಚ್ಚಿಸಿ ನೋಡಿ. ನಾನು ನೋಡಲಿಲ್ಲ.

ಮೊನ್ನೆ ಭಾನುವಾರ, ನಾನು ಕೊಂಡು ಮೋಸಹೋಗಿ ವಾಪಸ್ ಕೊಟ್ಟಿದ್ದ ರೈಫಲ್ ಮತ್ತೆ ಮಾರಾಟಕ್ಕೆ ಬಂದಿರೋದು ಕಣ್ಣಿಗೆ ಬಿತ್ತು. ಅದೇ ಫೋಟೋ. "ಕಾಡಿನೊಳಗಿನ ಜಿಂಕೆ ಬೇಟೆಗೆ ಹೇಳಿ ಮಾಡಿಸಿದ್ದು" ಅನ್ನೋ ಅದೇ ಸಾಲು. ಬೆಲೆ ಮಾತ್ರ 100 ಪೌಂಡ್ ಜಾಸ್ತಿ. ಇಷ್ಟು ದಿನ ನಾಚಿಕೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ, ಮನೆಯಲ್ಲೂ ಅರ್ಧ ಕಥೆಯಷ್ಟೇ ಹೇಳಿದ್ದೆ. ಇನ್ನು ಸುಮ್ಮನಿದ್ದರೆ ಇನ್ನೊಬ್ಬರು ಅದೇ ಗುಂಡಿಗೆ ಬೀಳ್ತಾರೆ. ಅದಕ್ಕೇ ಬರೀತಿದ್ದೀನಿ.

ನಾನು ತೀರ್ಥಹಳ್ಳಿ ಕಡೆಯವನು, ಹನ್ನೊಂದು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೀನಿ, ಹ್ಯಾಂಪ್‌ಶೈರ್‌ನಲ್ಲಿ ಕೆಲಸ. ನಮ್ಮ ಕಡೆ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಶಿಕಾರಿ ಮಾತೇ ಇಲ್ಲ. ಇಲ್ಲಿ ಕಥೆ ಬೇರೆ. ತೋಳ ಇಲ್ಲ, ಲಿಂಕ್ಸ್ ಇಲ್ಲ, ಜಿಂಕೆ ಹೆಚ್ಚಾಗಿ ಎಳೆ ಗಿಡಗಳನ್ನೆಲ್ಲ ಮೇಯುತ್ತವೆ, ಹಾಗಾಗಿ ಋತು ನೋಡಿ, ಲೆಕ್ಕ ಇಟ್ಟು ಹೊಡೆಯಬೇಕು. ನಮ್ಮ ಕಾಡುಕುರಿಯ ಚೀನಾ ಕಡೆಯ ನೆಂಟ ಮಂಟ್‌ಜಾಕ್ ಅಂತೂ ವರ್ಷವಿಡೀ ಹೊಡೆಯಬಹುದು, ಅದಕ್ಕೆ ನಿಷೇಧದ ಕಾಲವೇ ಇಲ್ಲ. ನಾನು ಜಿಂಕೆ ಬೇಟೆಯ ಮೊದಲ ಹಂತದ ಪರೀಕ್ಷೆ ಪಾಸ್ ಮಾಡಿ, ಪರಿಚಯದ ರೈತರೊಬ್ಬರಿಂದ ಅವರ ಕಾಡಿಗೆ ಒಪ್ಪಿಗೆ ಪಡೆದು, ಪೊಲೀಸರು ಕೊಡೋ ಬಂದೂಕು ಸರ್ಟಿಫಿಕೇಟಿನಲ್ಲಿ ಒಂದು ರೈಫಲ್‌ಗೆ, ಒಂದು ಮಾಡರೇಟರ್‌ಗೆ (ಮೂತಿಗೆ ಹಾಕೋ, ಸದ್ದು ತಗ್ಗಿಸೋ ಕೊಳವೆ) ಸ್ಲಾಟ್, ಅಂದ್ರೆ ಕೊಳ್ಳೋ ಅನುಮತಿ, ಹಾಕಿಸಿಕೊಂಡಿದ್ದೆ. ಅದಕ್ಕೇ ಏಳು ತಿಂಗಳು ಕಾದಿದ್ದೆ. ಕಾದವನಿಗೆ ಆತುರ ಜಾಸ್ತಿ. ಅಂಗಡಿಯವನಿಗೆ ಅದು ನನ್ನ ಮುಖದಲ್ಲೇ ಕಂಡಿರಬೇಕು.

ಫುಲ್ ಸ್ಟಾಕ್ ಯಾಕೆ ಬೇಕಿತ್ತು ಅಂದ್ರೆ, ಕಣ್ಣಿಗೆ ಚಂದ, ಅದು ಸುಳ್ಳಲ್ಲ. ನಳಿಗೆಯ ಮೂತಿವರೆಗೂ ವಾಲ್‌ನಟ್ ಮರ, ತುದಿಗೆ ಕಬ್ಬಿಣದ ಟೋಪಿ. 1903ರ ಮ್ಯಾನ್‌ಲಿಕರ್ ಶೋನೌವರ್ ಕಾರ್ಬೈನ್ ಕಾಲದಿಂದ ಆಸ್ಟ್ರಿಯಾ ಬೆಟ್ಟಗಳ ಬೇಟೆಗಾರರ ಕೈಯಲ್ಲಿ ಇದ್ದ ರೂಪ ಅದು. ಆ ಮಾದರಿಯ ನಳಿಗೆ ಬರೀ 450 ಮಿಲಿಮೀಟರ್. ಕಾಡಿನೊಳಗೆ ಗಿಡಗಂಟಿ ಸಂದಿಯಲ್ಲಿ ನುಸುಳೋಕೆ, ಹೈ ಸೀಟ್ (ಬೇಟೆಗೆ ಕೂರೋ ಎತ್ತರದ ಅಟ್ಟಣೆ) ಹತ್ತೋಕೆ, ಐವತ್ತು ಅರವತ್ತು ಗಜದಲ್ಲಿ ತಟ್ಟನೆ ಭುಜಕ್ಕೇರಿಸೋಕೆ ಗಿಡ್ಡ ರೈಫಲ್ ಒಳ್ಳೇದೇ. ನಾನು ನೋಡಿದ್ದು ಮ್ಯಾನ್‌ಲಿಕರ್ ಅಲ್ಲ, ಅದೇ ರೂಪದ ಹಳೆಯ ಬೇರೊಂದು, 6.5×55 ಸ್ವೀಡಿಷ್ ತೋಟಾದ್ದು. ಮಾಡಿದ ಕಂಪನಿಯ ತಪ್ಪು ಇದರಲ್ಲಿ ಏನೂ ಇಲ್ಲ.

2022ರ ಆಗಸ್ಟ್ ಕೊನೆ. ಆ ಬೇಸಿಗೆ ನೆನಪಿದೆಯಲ್ಲ, ಜುಲೈನಲ್ಲಿ 40 ಡಿಗ್ರಿ ದಾಟಿ, ಹುಲ್ಲೆಲ್ಲ ಒಣಗಿ, ಬರ ಅಂತ ಘೋಷಣೆ ಆಗಿತ್ತು. ಆ ಒಣ ಹವೆ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಎರಡು ಗಂಟೆ ಕಾರು ಓಡಿಸಿ ಅಂಗಡಿಗೆ ಹೋದೆ. ಅಂಗಡಿಯವ ಅರವತ್ತರ ಆಸುಪಾಸಿನವ, ಮಾತು ಬೆಣ್ಣೆ. ಹಳೆಯ ಮಾಲೀಕರ ಗುರಿ ಕಾಗದ ತೋರಿಸಿದ, ಮೂರು ತೂತು, ಒಂದು ನಾಣ್ಯದಲ್ಲಿ ಮುಚ್ಚುವಷ್ಟು. ನಾನು ಒಂದೇ ಒಂದು ಸರಿಯಾದ ಪ್ರಶ್ನೆ ಕೇಳಿದೆ: "ಮರ ಬಿಚ್ಚಿ ನಳಿಗೆಯ ಕೆಳಭಾಗ ತೋರಿಸ್ತೀರಾ?" ಆತ ನಕ್ಕು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಬಿಚ್ಚಬಹುದು ಮೇಟ್, ಆದ್ರೆ ಬಿಚ್ಚಿದ್ರೆ ಬೆಡ್ಡಿಂಗ್ ಕೆಡುತ್ತೆ. ಮರ, ನಳಿಗೆ ನಲವತ್ತು ವರ್ಷ ಒಂದಕ್ಕೊಂದು ಕೂತುಕೊಂಡಿದೆ. ನಿನಗಾಗಿಯೇ ಬಿಚ್ಚಲ್ಲ ಅಂತಿದ್ದೀನಿ."

ನಿನಗಾಗಿಯೇ. ಆ ಮಾತಿಗೆ ನಾನು ತಲೆಯಾಡಿಸಿದೆ. ಅಲ್ಲೇ ಮುಗೀತು.

ನನಗೆ ಸಿಟ್ಟು ಆತನ ಮೇಲಿದ್ದಷ್ಟೇ ನನ್ನ ಮೇಲೂ ಇದೆ. ನಮ್ಮ ಅಜ್ಜನ ಹತ್ತಿರ ಬೆಳೆ ರಕ್ಷಣೆಗೆ ಕೇಪಿನ ಕೋವಿ ಇತ್ತು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ, ಮುಗಿದಮೇಲೆ ತರೋರು. ಮಳೆಗಾಲ ಹಿಡಿಯೋ ಮುಂಚೆ ಒಂದು ದಿನ ಜಗಲಿಯಲ್ಲಿ ಕೂತು ನಳಿಗೆಯನ್ನ ಮರದಿಂದ ಬಿಡಿಸಿ, ಕೆಳಗಡೆ ಎಣ್ಣೆ ಬಟ್ಟೆಯಲ್ಲಿ ಒರೆಸೋರು. "ಮೇಲಿನ ತುಕ್ಕು ಕಣ್ಣಿಗೆ ಕಾಣುತ್ತೆ ಮಗ, ಮರದ ಒಳಗಿನದು ಕಾಣಲ್ಲ" ಅಂತ ಹೇಳಿಕೊಟ್ಟವರು ಅವರೇ. ಮಲೆನಾಡಿನ ಮಳೆಯಲ್ಲಿ ಹುಟ್ಟಿ ಬೆಳೆದವನಿಗೆ ಇದನ್ನ ಇಂಗ್ಲೆಂಡಿನ ಅಂಗಡಿಯಲ್ಲಿ ಮರೆಯೋ ಹಾಗಾಯ್ತಲ್ಲ. ಅರ್ಧ ಸ್ಟಾಕಿನ ರೈಫಲ್ ಆದ್ರೆ ನಳಿಗೆ ಮುಕ್ಕಾಲು ಭಾಗ ಹೊರಗೇ ಇರುತ್ತೆ. ಫುಲ್ ಸ್ಟಾಕ್‌ನಲ್ಲಿ ಕೆಳಭಾಗ ಪೂರ್ತಿ ಮರದ ಹೊಟ್ಟೆಯೊಳಗೆ. ನೀರು ಇಳಿಯೋಕೆ ಸಂದಿ ಇದೆ, ಆರೋಕೆ ದಾರಿ ಇಲ್ಲ.

ರೈಫಲ್‌ಗೆ 1,150 ಪೌಂಡ್. ಜೊತೆಗೆ ಆತ ಒಂದು ಹೊಸ ಮಾಡರೇಟರ್ ಕೂಡ ಕೈಗಿಟ್ಟ, 210 ಪೌಂಡ್. "ಸ್ಲಾಟ್ ಹೇಗೂ ಇದೆ, ಈಗಲೇ ತಗೊಂಡುಬಿಡು. ಅದನ್ನ ತಿರುಗಿಸಿ ಕೂರಿಸೋಕೆ ಮೂತಿಗೆ ಥ್ರೆಡ್ ಕೊಯ್ಯೋದು ನಮ್ಮ ಹುಡುಗನಿಗೆ ಅರ್ಧ ದಿನದ ಕೆಲಸ, ಸೀಸನ್ ಮುಗಿದಮೇಲೆ ತಂದು ಕೊಡು." ಕಾರ್ಡ್ ಕೊಡೋಕೆ ಹೋದರೆ ಬ್ಯಾಂಕಿನಿಂದ ನೇರ ಹಾಕಿದ್ರೆ 40 ಬಿಡ್ತೀನಿ ಅಂದ. ಹಾಕಿದೆ. ಆ 40 ಪೌಂಡ್ ಆಸೆಗೆ ಮುಂದೆ ಎಷ್ಟು ಕಳ್ಕೊಂಡೆ ಅಂತ ನೋಡ್ತಾ ಹೋಗಿ.

ಸೆಪ್ಟೆಂಬರ್‌ನಲ್ಲಿ 100 ಗಜದಲ್ಲಿ ಝೀರೋ ಮಾಡಿದೆ, ಅಂದ್ರೆ ಗುರಿ ಇಟ್ಟಲ್ಲೇ ಗುಂಡು ಬೀಳೋ ಹಾಗೆ ಸ್ಕೋಪ್ ಹೊಂದಿಸಿದೆ. ಮೂರು ಈಡು, ಒಂದು ಇಂಚಿನೊಳಗೆ. ಖುಷಿಯೋ ಖುಷಿ. ಮಂಟ್‌ಜಾಕ್ ಒಂದು ಸಿಕ್ಕಿತು, ನಿಂತಲ್ಲೇ ಬಿತ್ತು.

ಅಕ್ಟೋಬರ್ ಕೊನೆಯ ವಾರ. ರೋ ಅನ್ನೋ ಜಾತಿಯ ಗಂಡು ಜಿಂಕೆಗೆ 31ರವರೆಗೆ ಅವಕಾಶ. ಹಿಂದಿನ ದಿನಗಳಲ್ಲೆಲ್ಲ ಮಳೆ, ಅವತ್ತು ಜಿಟಿಜಿಟಿಯಲ್ಲೇ ಎರಡು ಗಂಟೆ ಹೈ ಸೀಟಿನಲ್ಲಿ ಕೂತಿದ್ದೆ, ರೈಫಲ್ ತೊಡೆ ಮೇಲೆ. ಸುಮಾರು 70 ಗಜದಲ್ಲಿ ಜಿಂಕೆ ಅಡ್ಡಲಾಗಿ ನಿಂತಿತು, ತಲೆ ಎಡಕ್ಕೆ. ಅವಸರ ಮಾಡಲಿಲ್ಲ, ಕೈ ಗಟ್ಟಿ ಇತ್ತು, ಇದನ್ನ ಪ್ರಮಾಣ ಮಾಡಿ ಹೇಳ್ತೀನಿ. ಈಡು ಹೊಡೆದಾಗ ಅದು ಬೆನ್ನು ಬಾಗಿಸಿ ಒದ್ದುಕೊಂಡು ಓಡಿತು. ಗುಂಡು ಎದೆ ಬಿಟ್ಟು ಹಿಂದಕ್ಕೆ ಬಿದ್ದಿದೆ ಅಂತ ಆಗಲೇ ಗೊತ್ತಾಯ್ತು. ರೈತರು ತಮ್ಮ ಲ್ಯಾಬ್ರಡಾರ್ ಕರ್ಕೊಂಡು ಬಂದರು. ಮೂರು ಗಂಟೆ ಆದಮೇಲೆ ಜರೀಗಿಡದ ಪೊದೆಯಲ್ಲಿ ಸಿಕ್ಕಿತು, ಇನ್ನೂ ಜೀವ ಇತ್ತು. ಆ ಕಣ್ಣು ನಾನು ಮರೆಯಲ್ಲ. ರೈತರು ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಗುರಿ ಕಾಗದದ ಮುಂದೆ ಕೂತೆ. 100 ಗಜದಲ್ಲಿ ನಾಲ್ಕು ಇಂಚು ಬಲಕ್ಕೆ, ಎರಡು ಇಂಚು ಮೇಲಕ್ಕೆ. ಸ್ಕೋಪ್ ಅಲ್ಲಾಡಿಲ್ಲ, ಮೌಂಟ್ ಬಿಗಿಯಾಗಿದೆ, ತೋಟಾ ಅದೇ ಡಬ್ಬಿಯದು. ಒಂದು ವಾರ ಮನೆಯೊಳಗೆ ಇಟ್ಟು ಮತ್ತೆ ಹೊಡೆದರೆ ಒಂದೂವರೆ ಇಂಚು ವಾಪಸ್ ಬಂದಿದೆ! ಮರ ನೀರು ಕುಡಿದು ಉಬ್ಬಿ ನಳಿಗೆಯನ್ನ ತಳ್ಳುತ್ತಿದೆ ಅಂತ ಆಗ ಹೊಳೀತು.

ಬೇರೊಬ್ಬ ಗನ್‌ಸ್ಮಿತ್ ಹತ್ತಿರ ಒಯ್ದೆ. ಆತ ಮೂತಿಯ ಟೋಪಿಯ ಸ್ಕ್ರೂ ಬಿಚ್ಚಿದ, ಕೆಳಗಿನ ಎರಡು ಬಿಚ್ಚಿದ, ನಳಿಗೆಯನ್ನ ಮೆಲ್ಲಗೆ ಎತ್ತಿದ. ಐದು ನಿಮಿಷ. ಅಷ್ಟೇ. ಬೆಡ್ಡಿಂಗ್ ಕೆಡುತ್ತೆ ಅಂದಿದ್ದು ಈ ಐದು ನಿಮಿಷದ ಕೆಲಸಕ್ಕೆ. ನಳಿಗೆಯ ಹೊಟ್ಟೆ ಉದ್ದಕ್ಕೂ ತುಕ್ಕು ತಿಂದ ಗುಳಿಗಳು. ತುಕ್ಕನ್ನ ತಿಕ್ಕಿ ಮೇಲೆ ಕಪ್ಪು ಬಣ್ಣ ಹಚ್ಚಿದ್ದರು, ಮರದ ಅಂಚಿನವರೆಗೆ ಸರಿಯಾಗಿ. ಬಟ್ಟೆಯಿಂದ ಒರೆಸಿದರೆ ಬಣ್ಣ ಬಟ್ಟೆಗೆ ಬಂತು. ಮುಂದಿನ ಬೆಲ್ಟ್ ಕೊಂಡಿ ಹತ್ತಿರ ಮರ ಬಿರುಕು ಬಿಟ್ಟು, ಒಳಗಿನಿಂದ ಅಂಟು ತುಂಬಿ ಮುಚ್ಚಿದ್ದರು. ಒಂದು ಪಕ್ಕ ಅಂಟು, ಅದು ಉಬ್ಬಲ್ಲ. ಇನ್ನೊಂದು ಪಕ್ಕ ಬರೀ ಮರ, ಅದು ಉಬ್ಬುತ್ತೆ. ಮೂತಿಯ ಟೋಪಿ ಎರಡನ್ನೂ ನಳಿಗೆಗೆ ಬಿಗಿದು ಹಿಡಿದಿದೆ. ನಳಿಗೆ ಎಲ್ಲಿಗೆ ಹೋಗಬೇಕು? ಆಗಸ್ಟಿನ ಬರಗಾಲದಲ್ಲಿ ಮರ ಒಣಗಿ ಕಟ್ಟಿಗೆಯಾಗಿತ್ತು, ಅದಕ್ಕೇ ಸೆಪ್ಟೆಂಬರ್‌ನಲ್ಲಿ ನನಗೆ ಏನೂ ಗೊತ್ತಾಗಲಿಲ್ಲ.

ಮಾಡರೇಟರ್ ಬಗ್ಗೆ ಕೇಳಿದೆ. ಆತ ನನ್ನ ಮುಖ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಮರ ಮೂತಿವರೆಗೂ ಇದ್ದಮೇಲೆ ಥ್ರೆಡ್ ಕೊಯ್ಯೋದು ಎಲ್ಲಿ? ಟೋಪಿ ತೆಗೆದು, ಮರವನ್ನ ಹಿಂದಕ್ಕೆ ಕತ್ತರಿಸಿ, ಆಮೇಲೆ ಥ್ರೆಡ್ ಕೊಯ್ದು, ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿಗೆ, ನಳಿಗೆ ಗಟ್ಟಿ ಇದೆಯಾ ಅಂತ ಮತ್ತೆ ಪರೀಕ್ಷೆಗೆ ಕಳಿಸಬೇಕು. "ಈ ಗುಳಿ ಬಿದ್ದ ನಳಿಗೆಯನ್ನ ನಾನಂತೂ ಕಳಿಸಲ್ಲ" ಅಂದ. ಅಂದ್ರೆ ಆ ಅಂಗಡಿಯವ ಹಾಕೋಕೇ ಆಗದ ಮಾಡರೇಟರ್ ನನ್ನ ತಲೆಗೆ ಕಟ್ಟಿ, ನನ್ನ ಸ್ಲಾಟನ್ನೂ ತಿಂದಿದ್ದ.

ಅಂಗಡಿಯವನಿಗೆ ಫೋನ್ ಮಾಡಿದೆ. ಮೊದಲ ಉತ್ತರ: "ಮರ ಅಂದ್ಮೇಲೆ ಉಸಿರಾಡುತ್ತೆ ಮೇಟ್." ಫೋಟೋ ಕಳಿಸಿದೆ. ಎರಡನೇ ಉತ್ತರ: "ಬಿಚ್ಚಿದ್ದು ನೀನು, ನಾನಲ್ಲ. ಬಿಚ್ಚಬೇಡ ಅಂತ ಹೇಳಿರಲಿಲ್ವಾ?" ಬಿಚ್ಚಬೇಡ ಅಂದಿದ್ದು ಈ ಉತ್ತರ ಕೊಡೋಕೇ! ಮೂರನೇದು: "ಹಳೇ ಮಾಲು, ನೀನೇ ಕೈಯಲ್ಲಿ ಹಿಡಿದು ನೋಡಿ ತಗೊಂಡಿದ್ದೀಯ, 30 ದಿನವೂ ಕಳೀತು." ನಾಲ್ಕನೇದು ಕೇಳಿ: "ನಿಮ್ಮ ದೇಶದ ಕಡೆಯವರಿಗೆ ಇಂಥ ರೈಫಲ್ ಅಭ್ಯಾಸ ಇರಲ್ಲ ಬಿಡು." ಅದಾದಮೇಲೆ ನಾನು ಫೋನ್ ಮಾಡಲಿಲ್ಲ, ಬರೀ ಪತ್ರ.

30 ದಿನ ಕಳೆದರೆ ಮುಗೀತು ಅಂತ ನಾನೂ ಎರಡು ವಾರ ನಂಬಿದ್ದೆ. ಹಾಗಲ್ಲ. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ 30 ದಿನ ಇರೋದು ನೇರವಾಗಿ ವಾಪಸ್ ಕೊಡೋಕೆ. ಅದರ ನಂತರವೂ ಆರು ತಿಂಗಳೊಳಗೆ ದೋಷ ಕಂಡರೆ ಅದು ಕೊಂಡ ದಿನವೇ ಇತ್ತು ಅಂತ ಹಿಡೀತಾರೆ, ಇರಲಿಲ್ಲ ಅಂತ ತೋರಿಸಬೇಕಾದ್ದು ಅಂಗಡಿಯವನು. ಒಂದು ಸಲ ರಿಪೇರಿಗೆ ಅವಕಾಶ ಕೊಟ್ಟು, ಆಗದಿದ್ದರೆ ದುಡ್ಡು ಕೇಳಬಹುದು. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿದ್ದರೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕಂಪನಿಯನ್ನೇ ಹಿಡಿಯಬಹುದಿತ್ತು. 40 ಪೌಂಡ್ ಉಳಿಸಿದ್ದೆನಲ್ಲ.

ಕೋರ್ಟಿಗೆ ಹೋಗ್ತೀನಿ ಅಂತ ನೋಟಿಸ್ ಬರೆದಮೇಲೆ ರೈಫಲ್, ಮಾಡರೇಟರ್ ಎರಡೂ ವಾಪಸ್ ತಗೊಂಡು 700 ಪೌಂಡ್ ಹಾಕಿದ. ಕೋರ್ಟಿಗೆ ಹೋಗಿ ಪೂರ್ತಿ ವಸೂಲಿ ಮಾಡಬೇಕಿತ್ತು. ಮಗು ಹುಟ್ಟಿ ಎರಡು ತಿಂಗಳಾಗಿತ್ತು, ನಿದ್ದೆಯಿಲ್ಲ, ಬಿಟ್ಟುಬಿಟ್ಟೆ. ಈಗ ಅದೇ ಬಿರುಕು, ಅದೇ ತುಕ್ಕು, ಅದೇ ಫೋಟೋ.

ನಾನೀಗ ಬಳಸೋದು ಪ್ಲಾಸ್ಟಿಕ್ ಅರ್ಧ ಸ್ಟಾಕ್, 20 ಇಂಚಿನ ನಳಿಗೆ, ಅಂಗಡಿಗೆ ಬರುವಾಗಲೇ ಥ್ರೆಡ್ ಇದ್ದದ್ದು. ಚಂದ ಇಲ್ಲ. ಮಳೆಯಲ್ಲಿ ನೆನೆದರೂ ಗುಂಡು ಇಟ್ಟಲ್ಲಿ ಬೀಳುತ್ತೆ. ಫುಲ್ ಸ್ಟಾಕೇ ಬೇಕು ಅನ್ನೋರು ಮರ ಬಿಚ್ಚಿಸಿ ನೋಡಿ, ಕಾರ್ಡಿನಲ್ಲಿ ದುಡ್ಡು ಕೊಡಿ, ಮಳೆ ಹಿಡಿದಮೇಲೆ ಝೀರೋ ಮತ್ತೆ ನೋಡದೆ ಜಿಂಕೆಗೆ ಗುರಿ ಇಡಬೇಡಿ. ನಾನು ಆ ಮಂಟ್‌ಜಾಕ್ ಬಿದ್ದ ಧೈರ್ಯದಲ್ಲಿ ನೋಡಲಿಲ್ಲ.

ಆ ರೈಫಲ್‌ನ ಗುರುತು ಹೇಳ್ತೀನಿ. ಕೆನ್ನೆ ತಾಗೋ ಜಾಗದಲ್ಲಿ ಬೆರಳುಗುರಿನಷ್ಟು ಕಪ್ಪು ಗಂಟು. ಮುಂದಿನ ಬೆಲ್ಟ್ ಕೊಂಡಿಯ ಎಡಕ್ಕೆ ಮರದ ಹೊಳಪು ಬೇರೆ ಥರ, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತೆ. ಅದು ನಿಮ್ಮ ಕೈಗೆ ಬಂದರೆ ಮರ ಬಿಚ್ಚಿ ತೋರಿಸಿ ಅನ್ನಿ. ಬೆಡ್ಡಿಂಗ್ ಕೆಡುತ್ತೆ ಅಂದ್ರೆ ಅದನ್ನ ಕೌಂಟರ್ ಮೇಲೆ ಇಟ್ಟು ಹೊರಗೆ ಬನ್ನಿ.