ಸ್ಪೀಕರ್ ಪೆಟ್ಟಿಗೆಗೆ ಎಂಡಿಎಫ್ಫೋ, ಪ್ಲೈವುಡ್ಡೋ? ಎರಡರಲ್ಲೂ ಮಾಡಿಸಿ ನೋಡಿದೆ

ದಪ್ಪ ಸದ್ದಿಗೆ ಆರೂವರೆ ಇಂಚಿನ ವೂಫರ್, ಸಣ್ಣ ಚೂಪು ಸದ್ದಿಗೆ ಒಂದು ಟ್ವೀಟರ್. ಇದೇ ಸೆಟ್ಟಿಗೆ ಎರಡು ಜೋಡಿ ಪೆಟ್ಟಿಗೆ ಮಾಡಿಸಿದೆ. ಒಂದು 18 ಎಂಎಂ ಎಂಡಿಎಫ್‌ನಲ್ಲಿ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ), ಇನ್ನೊಂದು 18 ಎಂಎಂ ಬಿಡಬ್ಲ್ಯೂಪಿ, ಅಂದರೆ ಕುದಿನೀರನ್ನೂ ತಡೆಯುವ ಅಂಟಿನ, ಪ್ಲೈವುಡ್‌ನಲ್ಲಿ. ಒಳಗಿನ ಅಳತೆ ಎರಡಕ್ಕೂ ಒಂದೇ. ನಮ್ಮ ಮನೆ ಮಂಗಳೂರಲ್ಲಿ, ಹಾಗಾಗಿ ಒಂದು ಮಳೆಗಾಲ ಕಳೆಯುವ ತನಕ ಏನೂ ಬರೆಯಬಾರದು ಅಂತ ಕಾದೆ.

ಮೊದಲು ಎಂಡಿಎಫ್. ಕೆಲಸಕ್ಕೆ ಇಷ್ಟು ಸುಲಭದ ಹಲಗೆ ನಾನು ನೋಡಿಲ್ಲ. ಗಂಟಿಲ್ಲ, ಎಳೆಯಿಲ್ಲ, ಎಲ್ಲಿ ಕೊಯ್ದರೂ ಒಂದೇ ಥರ. ವೂಫರ್ ಕೂರಿಸುವ ದುಂಡು ತೂತು ಒಂದೇ ಸಲಕ್ಕೆ ನುಣ್ಣಗೆ ಬಂತು. ಬೆರಳ ಗೆಣ್ಣಿನಿಂದ ಬಡಿದರೆ ‘ಡಬ್’ ಅಂತ ಮಂಕಾಗಿ ಕೇಳುತ್ತೆ, ನಮಗೆ ಬೇಕಾಗಿರುವುದೂ ಅದೇ. ವೀಣೆಗೆ ಹಲಸಿನ ಮರ ಹುಡುಕಿ ತರುವುದು ತಂತಿಯ ಜೊತೆ ಮರವೂ ನುಡಿಯಲಿ ಅಂತ. ಇಲ್ಲಿ ಸ್ಪೀಕರ್‌ನ ಅಲುಗುವ ಕೋನ್ ಮಾತ್ರ ನುಡಿಯಬೇಕು, ಹಲಗೆ ಸುಮ್ಮನಿರಬೇಕು. ‘ಸಾಗವಾನಿಯಲ್ಲೇ ಮಾಡಿಸಿ’ ಅಂತ ಹೇಳುವವರು ಜಾಸ್ತಿ. ನಾನು ಬೇಡ ಅಂತೀನಿ. ಗಟ್ಟಿ ಮರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತೆ, ಅಗಲವಾದ ಹಲಗೆಯಾದರೆ ಜೋಡಣೆ ಬಿಟ್ಟುಕೊಂಡು ಗಾಳಿ ಸೋರುತ್ತೆ.

ಎಂಡಿಎಫ್‌ನ ತೊಂದರೆಗಳೂ ಇವೆ. ಎಂಟಡಿ ನಾಲ್ಕಡಿ ಶೀಟು ಹತ್ತಿರ ಹತ್ತಿರ 40 ಕೆಜಿ. ಅಂಚಿಗೆ ಸ್ಕ್ರೂ ಹಾಕುವ ಮುಂಚೆ ಸಣ್ಣ ತೂತು ಕೊರೆಯದಿದ್ದರೆ ಸೀಳುತ್ತೆ. ಕೊಯ್ಯುವಾಗ ಏಳುವ ಧೂಳು ಹಿಟ್ಟಿನಷ್ಟು ನಯ, ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಬೇರೆ ಇರುತ್ತೆ, ಮಾಸ್ಕ್ ಇಲ್ಲದೆ ದಯವಿಟ್ಟು ಕೊಯ್ಯಬೇಡಿ. ಇನ್ನು ನೀರು. ಜುಲೈಯಲ್ಲಿ ನೆಲ ಒರೆಸಿದ ನೀರು ಒಂದು ಪೆಟ್ಟಿಗೆಯ ಹಿಂದಿನ ಅಡಿ ಅಂಚಿಗೆ ತಾಗುತ್ತಾ ಇತ್ತು, ಯಾರೂ ಗಮನಿಸಲಿಲ್ಲ. ಪೇಂಟ್ ಕೂದಲೆಳೆಯಷ್ಟು ಬಿರುಕು ಬಿಟ್ಟಿತು, ಒಳಗಿನ ನಾರು ಬ್ರೆಡ್ಡಿನ ಹಾಗೆ ಉಬ್ಬಿತು. ಒಣಗಿದ ಮೇಲೂ ಅದು ಮೊದಲಿನಂತೆ ಆಗಲೇ ಇಲ್ಲ.

ಪ್ಲೈವುಡ್ ಕಥೆ ಬೇರೆ. ಈ ಥರದ ಪ್ಲೈಗೆ ಇರುವ ಭಾರತೀಯ ಗುಣಮಟ್ಟದ ಐಎಸ್ 710 ಗುರುತು ನೋಡಿಯೇ ಒಂದು ಅಂಗಡಿಯಿಂದ ಶೀಟು ತಂದಿದ್ದೆ. ಪೆಟ್ಟಿಗೆ ಕಟ್ಟಿ, ಯಕ್ಷಗಾನದ ರೆಕಾರ್ಡಿಂಗ್ ಹಾಕಿದೆ. ಭಾಗವತರ ಪದ ಚೆನ್ನಾಗೇ ಇತ್ತು. ಮದ್ದಳೆಯ ದಪ್ಪ ಪೆಟ್ಟು ಬಿದ್ದಾಗೆಲ್ಲ ಎಡಗಡೆ ಪೆಟ್ಟಿಗೆಯಲ್ಲಿ ‘ಝರ್ರ್’ ಅಂತ ಒಂದು ಸದ್ದು. ಸ್ಕ್ರೂ ಬಿಗಿ ಮಾಡಿದೆ, ವಯರ್ ನೋಡಿದೆ, ವೂಫರ್‌ಗಳನ್ನೇ ಅದಲು ಬದಲು ಮಾಡಿದೆ, ಹೋಗಲಿಲ್ಲ. ಕೊನೆಗೆ ನಾಣ್ಯ ಹಿಡಿದು ಪಕ್ಕದ ಹಲಗೆಯನ್ನು ಇಂಚು ಇಂಚಾಗಿ ಬಡಿಯುತ್ತಾ ಬಂದೆ. ಒಂದು ಕಡೆ, ಅಂಗೈಯ ಅರ್ಧದಷ್ಟು ಜಾಗದಲ್ಲಿ, ಸದ್ದು ಪೊಳ್ಳಾಗಿತ್ತು. ಒಳಪದರದಲ್ಲಿ ಗ್ಯಾಪ್! ಸಣ್ಣ ತೂತು ಕೊರೆದು, ಸಿರಿಂಜಿನಲ್ಲಿ ಫೆವಿಕಾಲ್ ತುಂಬಿ, ಕ್ಲಾಂಪ್ ಹಾಕಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಸದ್ದು ಹೋಗಿತ್ತು.

ಅದಕ್ಕೇ ಹೇಳುವುದು, ಪ್ಲೈ ತಗೊಳ್ಳುವಾಗ ಗುರುತು ಮಾತ್ರ ನೋಡಬೇಡಿ. ನಾಲ್ಕೂ ಅಂಚು ನೋಡಿ, ಟಾರ್ಚ್ ಬಿಟ್ಟು ನೋಡಿ, ನಾಣ್ಯದಿಂದ ಬಡಿದು ನೋಡಿ, ಅಂಗಡಿಯವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ. ಬಾಲ್ಟಿಕ್ ಬರ್ಚ್ (ಬರ್ಚ್ ಮರದ ಪ್ಲೈ) ಸಿಕ್ಕರೆ ಬಿಡಬೇಡಿ, 18 ಎಂಎಂಗೆ 13 ತೆಳು ಪದರ, ಒಳಗೆ ಗ್ಯಾಪ್ ಬಹಳ ಕಡಿಮೆ. ಆದರೆ ದುಬಾರಿ.

ಇನ್ನೊಂದು ಮಾತು. ದಪ್ಪ ಇದ್ದರೆ ಸಾಕು ಅಂದುಕೊಳ್ಳಬೇಡಿ. ಬಿಬಿಸಿಯವರು 1970ರ ದಶಕದಲ್ಲಿ ಮಾಡಿದ ಎಲ್‌ಎಸ್3/5ಎ ಪುಟ್ಟ ಸ್ಪೀಕರ್‌ಗೆ ತೆಳುವಾದ ಬರ್ಚ್ ಪ್ಲೈ ಬಳಸಿ, ನಡುಕ ನುಂಗುವ ಹಾಳೆಯನ್ನು ಒಳಗೆ ಅಂಟಿಸಿದ್ದರು. ನಾನೂ ಕಾರಿನ ಬಾಗಿಲಿಗೆ ಅಂಟಿಸುವ ಡಾಂಬರು ಶೀಟು ತಂದು ಎರಡೂ ಜೋಡಿಗೆ ಹಚ್ಚಿದೆ, ನಡುವೆ ಒಂದೊಂದು ಅಡ್ಡಪಟ್ಟಿ ಕೊಟ್ಟೆ. ಆಮೇಲೆ ಕಣ್ಣು ಮುಚ್ಚಿ ಕೇಳಿದರೆ ಯಾವುದು ಎಂಡಿಎಫ್, ಯಾವುದು ಪ್ಲೈ ಅಂತ ನನಗೆ ಗೊತ್ತಾಗಲಿಲ್ಲ.

ಹಾಗಾದರೆ ಯಾವುದು? ಕರಾವಳಿಯಲ್ಲಿ, ಮಲೆನಾಡಲ್ಲಿ ಇರುವವರು ಕಣ್ಣುಮುಚ್ಚಿ ಪ್ಲೈಗೆ ಹೋಗಿ, ದುಡ್ಡು ಜಾಸ್ತಿಯಾದರೂ. ಒಣ ಹವೆಯ ಊರಾದರೆ ಎಂಡಿಎಫ್ ಸಾಕು, ಅಂಚುಗಳಿಗೆ ಮಾತ್ರ ನೀರು ಬೆರೆಸಿದ ಫೆವಿಕಾಲ್ ಎರಡು ಸಲ ಹಚ್ಚಿ, ಉಜ್ಜಿ, ಆಮೇಲೆ ಪೇಂಟ್ ಹೊಡೆಯಿರಿ. ನನ್ನ ಎಂಡಿಎಫ್ ಜೋಡಿಯ ಉಬ್ಬಿದ ಅಂಚು ಕೆರೆದು ಪುಟ್ಟಿ ಹಾಕಿ ಹುಬ್ಬಳ್ಳಿಯ ತಮ್ಮನ ಮನೆಗೆ ಕಳಿಸಿದ್ದೇನೆ, ಈ ಸಲ ಕೆಳಗೆ ರಬ್ಬರ್ ಕಾಲು ಹಾಕಿಸಿ.