ಡ್ರೈವರ್ ಹಾಕಿದ ಮೇಲೆ ವಿಂಡೋಸ್ ಏಳದಿದ್ದರೆ: ಯಾವ ದಾರಿ ಮೊದಲು, ಯಾವುದು ಕೊನೆಗೆ?

ಹೊಸ ಗ್ರಾಫಿಕ್ಸ್ ಡ್ರೈವರ್ (ಯಂತ್ರದ ಭಾಗವೊಂದನ್ನು ವಿಂಡೋಸ್ ನಡೆಸಲು ಬೇಕಾದ ಪುಟ್ಟ ತಂತ್ರಾಂಶ), ಯಾವುದೋ ಆಂಟಿವೈರಸ್, ಇಲ್ಲವೇ ಆಫೀಸಿನ ವಿಪಿಎನ್ ಹಾಕಿ ರೀಸ್ಟಾರ್ಟ್ ಕೊಟ್ಟಿದ್ದೀರಿ. ನೀಲಿ ಪರದೆ ಬಂತು, ಮತ್ತೆ ರೀಸ್ಟಾರ್ಟ್, ಮತ್ತೆ ಅದೇ ಪರದೆ. ಅಂಗಡಿಗೆ ಒಯ್ದರೆ ‘ಫಾರ್ಮ್ಯಾಟ್ ಹೊಡೀಬೇಕು ಸಾರ್’ ಅನ್ನುವುದು ವಾಡಿಕೆ. ಕೆಟ್ಟಿರುವುದು ಒಂದೇ ಡ್ರೈವರ್ ಆಗಿದ್ದಾಗ ಅಷ್ಟು ದೂರ ಹೋಗಬೇಕಾದದ್ದು ಅಪರೂಪ. ವಿಂಡೋಸ್ 10 ಮತ್ತು 11ರ ಒಳಗೇ ಇರುವ ದಾರಿಗಳನ್ನು ಇಂಥ ಯಂತ್ರಗಳ ಮೇಲೆ ಒಂದೊಂದಾಗಿ ಓಡಿಸಿ ನೋಡಿದ ಹೋಲಿಕೆ ಇದು.

ಎಲ್ಲಕ್ಕೂ ಬಾಗಿಲು ಒಂದೇ, ರಿಕವರಿ ಪರದೆ. ಸತತ ಎರಡು ಸಲ ಬೂಟ್ (ವಿಂಡೋಸ್ ಏಳುವುದು) ಸೋತರೆ ಅದು ತಾನಾಗಿ ಬರಬೇಕು. ಬರದಿದ್ದರೆ, ಲೋಗೋ ಕೆಳಗೆ ಚುಕ್ಕಿಗಳು ತಿರುಗುವಾಗ ಪವರ್ ಬಟನ್ ಒತ್ತಿ ಹಿಡಿದು ಆರಿಸಿ. ಎರಡು ಸಲ ಹೀಗೆ ಮಾಡಿದರೆ ಮೂರನೇ ಸಲ ಸಾಮಾನ್ಯವಾಗಿ ತೆರೆಯುತ್ತದೆ. ಅದೂ ಆಗದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿ ಪೆನ್‌ಡ್ರೈವ್ ತಯಾರಿಸಿ, ಅದರಿಂದ ಬೂಟ್ ಮಾಡಿ ರಿಪೇರ್ ಆಯ್ಕೆಗೆ ಹೋಗಿ.

ಅದಕ್ಕೂ ಮೊದಲು ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಎನ್‌ಕ್ರಿಪ್ಷನ್) ಕೀ ಹುಡುಕಿಟ್ಟುಕೊಳ್ಳಿ, ರಿಕವರಿ ಅದನ್ನು ಕೇಳಬಹುದು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. 48 ಅಂಕಿಗಳ ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಫೋನಿನಿಂದಲೇ ನೋಡಬಹುದು. ಆಫೀಸಿನ ಯಂತ್ರವಾದರೆ ಐಟಿ ವಿಭಾಗದವರನ್ನೇ ಕೇಳಬೇಕು.

ಇನ್ನು ದಾರಿಗಳು. ಪಟ್ಟಿಯಲ್ಲಿ ಕಣ್ಣಿಗೆ ಹೊಡೆಯುವುದು ಸ್ಟಾರ್ಟಪ್ ರಿಪೇರ್, ಈ ಕೆಲಸಕ್ಕೆ ಅತಿ ಕಡಿಮೆ ಉಪಯೋಗದ್ದೂ ಅದೇ. ಅದು ನೋಡುವುದು ಮುಖ್ಯವಾಗಿ ಬೂಟ್ ಕಡತಗಳನ್ನು. ನಿಮ್ಮಲ್ಲಿ ಬೂಟ್ ಶುರುವಾಗಿ, ಆಮೇಲೆ ಡ್ರೈವರ್ ಲೋಡ್ ಆಗುವಾಗ ಬೀಳುತ್ತಿದೆ. ಹಾಗಾಗಿ ಹತ್ತು ನಿಮಿಷ ತಿರುಗಿಸಿ ‘ಸರಿಪಡಿಸಲಾಗಲಿಲ್ಲ’ ಅನ್ನುವುದೇ ಹೆಚ್ಚು. ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ವಿಂಡೋಸಿನದೇ ಅಪ್‌ಡೇಟ್ ಕೆಟ್ಟಾಗ ಚೆನ್ನಾಗಿ ಕೆಲಸ ಮಾಡುತ್ತದೆ, ನೀವೇ ಹಾಕಿದ ತಂತ್ರಾಂಶವನ್ನು ಅದು ಮುಟ್ಟುವುದಿಲ್ಲ.

ಸಿಸ್ಟಂ ರಿಸ್ಟೋರ್‌ಗೆ ನನ್ನ ಮೊದಲ ಓಟು. ಡ್ರೈವರ್, ರಿಜಿಸ್ಟ್ರಿ (ವಿಂಡೋಸಿನ ಸೆಟ್ಟಿಂಗ್‌ಗಳ ಭಂಡಾರ), ಪ್ರೋಗ್ರಾಂ ಮೂರನ್ನೂ ಹಿಂದಿನ ದಿನಕ್ಕೆ ಒಯ್ಯುತ್ತದೆ. ಫೋಟೊ, ಡಾಕ್ಯುಮೆಂಟ್ ಮುಟ್ಟುವುದಿಲ್ಲ. ಯಾವ ಪ್ರೋಗ್ರಾಂ ಹೋಗುತ್ತದೆ ಎಂದು ಮೊದಲೇ ತೋರಿಸುವ ಬಟನ್ನೂ ಇದೆ, ಅದನ್ನು ಒತ್ತಿ ನೋಡಿ. ಎಸ್‌ಎಸ್‌ಡಿ ಇದ್ದರೆ ಅರ್ಧ ಗಂಟೆ ಇಟ್ಟುಕೊಳ್ಳಿ, ನಡುವೆ ಆರಿಸಬೇಡಿ. ಅಡ್ಡಿ ಒಂದೇ: ಸಿಸ್ಟಂ ಪ್ರೊಟೆಕ್ಷನ್ ಆನ್ ಆಗಿದ್ದರೆ ಮಾತ್ರ ರಿಸ್ಟೋರ್ ಪಾಯಿಂಟ್ ಇರುತ್ತದೆ, ಬಹಳಷ್ಟು ಯಂತ್ರಗಳಲ್ಲಿ ಅದು ಆಫ್. ಪಾಯಿಂಟ್ ಇಲ್ಲದಿದ್ದರೆ ಈ ದಾರಿ ಅಲ್ಲಿಗೇ ಮುಗಿಯಿತು.

ಆಗ ಸೇಫ್ ಮೋಡ್, ಅಂದರೆ ಅತಿ ಅಗತ್ಯದ ಡ್ರೈವರುಗಳಷ್ಟರಿಂದಲೇ ವಿಂಡೋಸ್ ಏಳಿಸುವುದು. ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ, ರೀಸ್ಟಾರ್ಟ್ ಆದ ಮೇಲೆ 4 ಒತ್ತಿ. ಇಂಟರ್ನೆಟ್ ಬೇಕಿದ್ದರೆ 5. ಗ್ರಾಫಿಕ್ಸ್, ಸೌಂಡ್, ವೈಫೈ ಡ್ರೈವರುಗಳ ವಿಷಯದಲ್ಲಿ ಇದಕ್ಕಿಂತ ಹಗುರ ದಾರಿ ಇಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಧನದ ಮೇಲೆ ಡಬಲ್ ಕ್ಲಿಕ್ ಮಾಡಿ ರೋಲ್ ಬ್ಯಾಕ್ ಡ್ರೈವರ್ ಕೊಡಿ. ಆ ಬಟನ್ ಮಂಕಾಗಿದ್ದರೆ ಅನ್‌ಇನ್‌ಸ್ಟಾಲ್ ಕೊಟ್ಟು, ಡ್ರೈವರನ್ನೂ ಅಳಿಸುವ ಪುಟ್ಟ ಚೌಕಕ್ಕೆ ಟಿಕ್ ಹಾಕಿ. ಟಿಕ್ ಮರೆತರೆ ಮುಂದಿನ ಬೂಟಿನಲ್ಲಿ ವಿಂಡೋಸ್ ಅದೇ ಕೆಟ್ಟ ಡ್ರೈವರನ್ನು ತಾನೇ ಎತ್ತಿಕೊಳ್ಳುತ್ತದೆ. ಪಿನ್ ಒಪ್ಪದ ಯಂತ್ರಗಳಿವೆ, ಪಾಸ್‌ವರ್ಡ್ ನೆನಪಿರಲಿ. ಆಂಟಿವೈರಸ್ ತೆಗೆಯಲು ಹೋದಾಗ ‘ವಿಂಡೋಸ್ ಇನ್‌ಸ್ಟಾಲರ್ ಸೇವೆ ಸಿಗುತ್ತಿಲ್ಲ’ ಎಂಬ ಸಂದೇಶ ಬಂದರೆ ಗಾಬರಿ ಬೇಡ. ಸೇಫ್ ಮೋಡಿನಲ್ಲಿ ಆ ಸೇವೆ ಓಡುವುದೇ ಇಲ್ಲ. ಆಂಟಿವೈರಸ್ ತಯಾರಕರದೇ ತೆಗೆಯುವ ಟೂಲ್ ಇರುತ್ತದೆ, ಅದನ್ನು ಬಳಸಿ.

2024ರ ಜುಲೈ 19ರಂದು ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಕೆಟ್ಟ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವಲ್ಲ, ಆಗಲೂ ಮದ್ದು ಇದೇ ಆಗಿತ್ತು: ಸೇಫ್ ಮೋಡ್ ಅಥವಾ ರಿಕವರಿ ಪರದೆಗೆ ಹೋಗಿ ಡ್ರೈವರ್ಸ್ ಫೋಲ್ಡರಿನ ಒಳಗಿನ ಒಂದು ಕಡತ ಅಳಿಸುವುದು. ಒಂದು ಯಂತ್ರಕ್ಕೆ ಕೆಲವೇ ನಿಮಿಷದ ಕೆಲಸ. ದಿನಗಟ್ಟಲೆ ಎಳೆದದ್ದಕ್ಕೆ ಕಾರಣ, ಪ್ರತಿ ಯಂತ್ರದ ಮುಂದೂ ಯಾರಾದರೂ ಕೂರಬೇಕಿತ್ತು, ಜೊತೆಗೆ ಬಿಟ್‌ಲಾಕರ್ ಕೀ ಹುಡುಕಬೇಕಿತ್ತು.

ಸೇಫ್ ಮೋಡೂ ಬಿದ್ದರೆ ಉಳಿಯುವುದು ಕಮಾಂಡ್ ಪ್ರಾಂಪ್ಟ್, ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ. ಕಷ್ಟದ ದಾರಿ, ಆದರೆ ಇಷ್ಟು ಕರಾರುವಾಕ್ಕಾದದ್ದು ಬೇರೆ ಇಲ್ಲ. ತೆರೆದುಕೊಳ್ಳುವುದು ಎಕ್ಸ್ ಡ್ರೈವ್. ಅದು ರಿಕವರಿಯ ತಾತ್ಕಾಲಿಕ ಡ್ರೈವ್, ನಿಮ್ಮದಲ್ಲ. ನಿಮ್ಮ ಸಿ ಡ್ರೈವ್ ಇಲ್ಲಿ ಡಿ ಅಥವಾ ಇ ಆಗಿರಬಹುದು. ಡಿಸ್ಕ್‌ಪಾರ್ಟ್ ಒಳಗೆ ಲಿಸ್ಟ್ ವಾಲ್ಯೂಮ್ ಕೊಟ್ಟು ಗಾತ್ರ ನೋಡಿ ಗುರುತಿಸಿ, ಎಕ್ಸಿಟ್ ಕೊಟ್ಟು ಹೊರಬನ್ನಿ. ಅದು ಡಿ ಎಂದುಕೊಂಡರೆ, ಮುಂದಿನ ಆಜ್ಞೆ (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ):

ಡಿಐಎಸ್‌ಎಂ /ಇಮೇಜ್:ಡಿ:\ /ಗೆಟ್-ಡ್ರೈವರ್ಸ್ /ಫಾರ್ಮ್ಯಾಟ್:ಟೇಬಲ್

(ಇಲ್ಲಿನ ಫಾರ್ಮ್ಯಾಟ್ ಪಟ್ಟಿಯನ್ನು ಕೋಷ್ಟಕವಾಗಿ ತೋರಿಸಲಷ್ಟೇ, ಡಿಸ್ಕ್ ಅಳಿಯುವುದಿಲ್ಲ.) ಹೊರಗಿನಿಂದ ಬಂದ ಡ್ರೈವರುಗಳೆಲ್ಲ ಒಇಎಂ27.ಐಎನ್‌ಎಫ್ ಎಂಬಂಥ ಹೆಸರಲ್ಲಿ ಸಾಲಾಗಿ ಬರುತ್ತವೆ. ಪಟ್ಟಿಯ ದಿನಾಂಕ ನಂಬಬೇಡಿ, ಅದು ಕಂಪನಿ ಡ್ರೈವರಿಗೆ ಕೊಟ್ಟ ದಿನಾಂಕ, ನೀವು ಹಾಕಿದ ದಿನವಲ್ಲ. ನೋಟ್‌ಪ್ಯಾಡ್ ಇಲ್ಲೂ ಓಡುತ್ತದೆ. ವಿಂಡೋಸ್ ಫೋಲ್ಡರಿನ ಐಎನ್‌ಎಫ್ ಒಳಗಿನ ಸೆಟಪ್‌ಎಪಿಐ.ಡೆವ್.ಲಾಗ್ ತೆರೆದು ಕೊನೆಯಿಂದ ಮೇಲಕ್ಕೆ ಓದಿದರೆ ಕಡೆಗೆ ಬಂದ ಡ್ರೈವರ್ ಯಾವುದೆಂದು ಸಿಗುತ್ತದೆ. ಗೊತ್ತಾದ ಮೇಲೆ:

ಡಿಐಎಸ್‌ಎಂ /ಇಮೇಜ್:ಡಿ:\ /ರಿಮೂವ್-ಡ್ರೈವರ್ /ಡ್ರೈವರ್:ಒಇಎಂ27.ಐಎನ್‌ಎಫ್

ಸ್ಟೋರೇಜ್ ಕಂಟ್ರೋಲರ್ ಡ್ರೈವರ್ ಮಾತ್ರ ಅಂದಾಜಿನ ಮೇಲೆ ತೆಗೆಯಬೇಡಿ. ತೆಗೆದರೆ ವಿಂಡೋಸಿಗೆ ತನ್ನ ಡಿಸ್ಕೇ ಕಾಣದೆ ಹೋಗಬಹುದು.

ಆಂಟಿವೈರಸ್, ವಿಪಿಎನ್, ಗೇಮ್‌ಗಳ ಆಂಟಿ-ಚೀಟ್‌ನ ಡ್ರೈವರುಗಳು ಎಷ್ಟೋ ಸಲ ಈ ಪಟ್ಟಿಗೇ ಬರುವುದಿಲ್ಲ. ಅವುಗಳ ಸೆಟಪ್ ನೇರವಾಗಿ ಸರ್ವಿಸ್ ಆಗಿ ನೋಂದಾಯಿಸಿರುತ್ತದೆ. ಅಂಥದಕ್ಕೆ ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್ ತೆರೆದು, ಎಚ್‌ಕೆಇವೈ ಲೋಕಲ್ ಮಷೀನ್ ಆರಿಸಿ, ಲೋಡ್ ಹೈವ್‌ನಿಂದ ಡಿ ಡ್ರೈವಿನ ವಿಂಡೋಸ್\ಸಿಸ್ಟಂ32\ಕಾನ್ಫಿಗ್ ಒಳಗಿನ ಸಿಸ್ಟಂ ಕಡತ ಎತ್ತಿಕೊಳ್ಳಿ. ಮೊದಲು ಆ ಕಡತದ ಒಂದು ನಕಲು ಪೆನ್‌ಡ್ರೈವಿಗೆ ಹೋಗಲಿ. ಕಂಟ್ರೋಲ್‌ಸೆಟ್001ರ ಸರ್ವಿಸಸ್ ಕೆಳಗೆ ಆ ಡ್ರೈವರಿನ ಸ್ಟಾರ್ಟ್ ಬೆಲೆಯನ್ನು 4 ಮಾಡಿ. 4 ಅಂದರೆ ನಿಷ್ಕ್ರಿಯ. ಮುಗಿದ ಮೇಲೆ ಅನ್‌ಲೋಡ್ ಹೈವ್ ಕೊಡಿ. ಅದು ಡಿಸ್ಕ್ ಅಥವಾ ಕೀಬೋರ್ಡಿಗೆ ಕೂತ ಫಿಲ್ಟರ್ ಡ್ರೈವರ್ (ಮೂಲ ಡ್ರೈವರಿನ ಮೇಲೆ ಅಥವಾ ಕೆಳಗೆ ಸೇರಿಕೊಳ್ಳುವಂಥದು) ಆಗಿದ್ದರೆ ಇಷ್ಟೇ ಸಾಲದು: ಕಂಟ್ರೋಲ್ ಕೆಳಗಿನ ಕ್ಲಾಸ್ ಕೀಲಿಯ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಸಾಲುಗಳಿಂದ ಅದರ ಹೆಸರೊಂದನ್ನೇ ತೆಗೆಯಬೇಕು. ಬಿಟ್ಟರೆ ಕೀಬೋರ್ಡ್ ಸತ್ತಿರುತ್ತದೆ, ಡಿಸ್ಕಿನದಾದರೆ ಬೂಟೇ ಆಗುವುದಿಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ರೀಸೆಟ್. ‘ನನ್ನ ಕಡತಗಳು ಇರಲಿ’ ಎಂಬ ಆಯ್ಕೆಯಲ್ಲೂ ಪ್ರೋಗ್ರಾಂಗಳು, ನೀವು ಹಾಕಿದ ಡ್ರೈವರುಗಳು, ಫಾಂಟುಗಳು ಎಲ್ಲ ಹೋಗುತ್ತವೆ. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದ ಪತ್ರ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಪತ್ರ ಹಾಳಾಗಿಲ್ಲ, ನುಡಿ ಮತ್ತೆ ಹಾಕಿದರೆ ಸರಿಯಾಗುತ್ತದೆ. ಟ್ಯಾಲಿಯಂಥ ಲೆಕ್ಕದ ತಂತ್ರಾಂಶ ಇದ್ದರೆ ಅದರ ಡೇಟಾ ಫೋಲ್ಡರನ್ನು ಮೊದಲು ಪೆನ್‌ಡ್ರೈವಿಗೆ ಎತ್ತಿಕೊಳ್ಳಿ. ಕಮಾಂಡ್ ಪ್ರಾಂಪ್ಟಿನಲ್ಲಿ ನೋಟ್‌ಪ್ಯಾಡ್ ತೆರೆದು, ಅದರ ಓಪನ್ ಕಿಟಕಿಯಲ್ಲಿ ಎಲ್ಲ ಬಗೆಯ ಕಡತ ತೋರಿಸುವಂತೆ ಮಾಡಿ, ಬಲ ಕ್ಲಿಕ್ಕಿನಿಂದಲೇ ಕಾಪಿ-ಪೇಸ್ಟ್ ಮಾಡಬಹುದು. ಮುಂದೆ ಕ್ಲೌಡ್ ಡೌನ್‌ಲೋಡ್, ಲೋಕಲ್ ರೀಇನ್‌ಸ್ಟಾಲ್ ಎಂಬ ಎರಡರಲ್ಲಿ ಆರಿಸಬೇಕು. ಮೊದಲಿನದಕ್ಕೆ 4 ಜಿಬಿಗೂ ಹೆಚ್ಚು ಡೇಟಾ ಹೋಗಬಹುದು, ಆದರೆ ಡಿಸ್ಕಿನ ವಿಂಡೋಸ್ ಕಡತಗಳೇ ಕೆಟ್ಟಿದ್ದರೆ ಅದೇ ಗಟ್ಟಿ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿಡಿ. ರಿಕವರಿಗೆ ವೈಫೈ ಕಾಣದಿದ್ದರೆ ಲ್ಯಾನ್ ಕೇಬಲ್ ಚುಚ್ಚಿ.