ಬೆಳಿಗ್ಗೆ ಸಿಗ್ನಲ್ ನೋಡಿ ಸಂಜೆ ದುಡ್ಡು ಕೊಡಬೇಡಿ: ಜುವಾರಿ ದಾಟಿದ ನಮ್ಮ ವೈರ್‌ಲೆಸ್ ಲಿಂಕ್

ಗೋವಾದ ವಾಸ್ಕೋದಲ್ಲಿ, ಸಡಾ ಗುಡ್ಡದ ಮೇಲೆ ನಮ್ಮ ಲಾರಿ ಆಫೀಸಿದೆ. ಕೆಳಗೆ ಮುರ್ಗಾಂವ್ ಬಂದರು. ಎದುರಿಗೆ ಜುವಾರಿ ನದಿ ಸಮುದ್ರ ಸೇರುವ ಅಗಲವಾದ ನೀರು. ಅದರಾಚೆ ದೋನಾ ಪಾವ್ಲಾದಲ್ಲಿ ನಮ್ಮ ಭಾವನವರ ಮನೆ ಮತ್ತು ಆಫೀಸು. ನಮ್ಮ ಲೆಕ್ಕದ ಸರ್ವರ್, ಕ್ಯಾಮೆರಾ ರೆಕಾರ್ಡಿಂಗ್ ಎಲ್ಲ ಅಲ್ಲೇ ಇರುವುದು. ನಮ್ಮ ಕಡೆ ಫೈಬರ್ ಕೇಬಲ್ ಪದೇ ಪದೇ ತುಂಡಾಗುತ್ತಿತ್ತು. ರಸ್ತೆಯಲ್ಲಿ ಹೋದರೆ ಜುವಾರಿ ಸೇತುವೆ ಸುತ್ತಿ ಹೋಗಬೇಕು, ನೇರ ನೋಡಿದರೆ ಐದೇ ಕಿಲೋಮೀಟರ್. ಎರಡೂ ಕಡೆ ಆಂಟೆನಾ ಹಾಕಿ ನಮ್ಮದೇ ಲಿಂಕ್ ಮಾಡೋಣ ಅಂತ ತೀರ್ಮಾನಿಸಿದೆವು. ಆ ತೀರ್ಮಾನ ತಪ್ಪಲ್ಲ. ಮಾಡಿಸಿದ ರೀತಿ ತಪ್ಪಾಯಿತು. ಗೋವಾದಲ್ಲಿ ನದಿ, ಹಿನ್ನೀರು ದಾಟಿಸಿ ಹೀಗೆ ಲಿಂಕ್ ಮಾಡಿಸುವ ನಮ್ಮ ಜನ ಬೇಕಾದಷ್ಟಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಒಪ್ಪಿಕೊಂಡವರು ಮೇ ತಿಂಗಳಲ್ಲಿ ಬಂದು ಎರಡು ಚಪ್ಪಟೆ ಪ್ಯಾನೆಲ್ ಆಂಟೆನಾ ಹಾಕಿದರು. ಒಂದೊಂದೂ 16 ಡಿಬಿಐ. ಆಂಟೆನಾ ಸಿಗ್ನಲನ್ನು ಒಂದೇ ದಿಕ್ಕಿಗೆ ಎಷ್ಟು ಒಟ್ಟುಗೂಡಿಸುತ್ತದೆ ಅನ್ನುವ ಅಳತೆ ಇದು. "ದೊಡ್ಡ ಡಿಶ್ ಸುಮ್ನೆ ಖರ್ಚು ಸರ್, ನಾನು ಪವರ್ ಜಾಸ್ತಿ ಮಾಡಿ ಕೊಡ್ತೀನಿ" ಅಂದರು. ಸೆಟ್ಟಿಂಗ್‌ನಲ್ಲಿ ದೇಶದ ಹೆಸರು ಬದಲಿಸಿ, ಪವರ್ ಮಿತಿಯನ್ನೇ ತೆಗೆದುಹಾಕಿದ್ದರು. ಇದು ನನಗೆ ಆಮೇಲೆ ಗೊತ್ತಾಯಿತು. 5.8 ಗಿಗಾಹರ್ಟ್ಸ್‌ನಲ್ಲಿ (ನಮ್ಮ ಲಿಂಕ್ ನಡೆಯುವ ರೇಡಿಯೋ ಆವರ್ತನ ಇದು) ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದ್ದಾರೆ ನಿಜ. ಆದರೆ ಆಂಟೆನಾದಿಂದ ಒಂದೇ ದಿಕ್ಕಿಗೆ ಹೊರಡುವ ಶಕ್ತಿ 4 ವ್ಯಾಟ್, ರೇಡಿಯೋದವರ ಅಳತೆಯಲ್ಲಿ 36 ಡಿಬಿಎಂ, ದಾಟಬಾರದು. ಪಕ್ಕದಲ್ಲೇ ದಾಬೋಳಿ ವಿಮಾನ ನಿಲ್ದಾಣ, ನೌಕಾಪಡೆಯ ನೆಲೆ ಇರುವ ಜಾಗ ನಮ್ಮದು. ಇಲ್ಲಿ ಇಂಥ ಕೆಲಸ ಮಾಡುವುದು ಎಷ್ಟು ಅಪಾಯ ಅಲ್ವಾ? ಸಿಕ್ಕಿಬಿದ್ದರೆ ನಮ್ಮನ್ನೂ ಕೇಳುತ್ತಾರೆ.

ಪವರ್ ಜಾಸ್ತಿ ಮಾಡಿದರೂ ಲಾಭವಿಲ್ಲ. ಕೂಗುವುದು ಜೋರಾಗುತ್ತದೆ, ಕಿವಿ ಚುರುಕಾಗುವುದಿಲ್ಲ. ಅಗಲ ನೋಟದ ಪ್ಯಾನೆಲ್ ದೋನಾ ಪಾವ್ಲಾ ಕಡೆಯ ಮನೆ, ಹೋಟೆಲುಗಳ ವೈಫೈ ಗದ್ದಲವನ್ನೆಲ್ಲ ಕೇಳಿಸಿಕೊಳ್ಳುತ್ತದೆ. ದೊಡ್ಡ ಡಿಶ್ ಎದುರಿನ ಡಿಶ್ ಮಾತನ್ನಷ್ಟೇ ಚೆನ್ನಾಗಿ ಕೇಳುತ್ತದೆ, ಅಕ್ಕಪಕ್ಕದ್ದನ್ನು ಬಿಡುತ್ತದೆ. ದೂರದ ಲಿಂಕ್‌ಗೆ ಡಿಶ್ ಬೇಕು ಅನ್ನುವುದು ಇದಕ್ಕೇ.

ಲಿಂಕ್ ಎರಡು ದಿನ ಚೆನ್ನಾಗಿ ನಡೆಯಿತು. ಮೂರನೇ ದಿನದಿಂದ ಹೋಗಿ ಬರಲು ಶುರುವಾಯಿತು. ಕೇಳಿದರೆ "ಹವಾಮಾನ ಸರ್" ಅಂದರು. ಮಳೆ ಇನ್ನೂ ಬಂದೇ ಇರಲಿಲ್ಲ. ಬಂದಿದ್ದರೂ 5.8 ಗಿಗಾಹರ್ಟ್ಸ್‌ನಲ್ಲಿ ಐದು ಕಿಲೋಮೀಟರಿಗೆ ಮಳೆ ತಿನ್ನುವ ಸಿಗ್ನಲ್ ತುಂಬಾ ಕಡಿಮೆ. ಮಳೆಗಾಲದಲ್ಲಿ ಲಿಂಕ್ ಕೆಡುವುದು ಹೆಚ್ಚಾಗಿ ಕನೆಕ್ಟರ್ ಒಳಗೆ ನೀರು ಹೋಗಿ, ಇಲ್ಲ ಮರದ ಎಲೆ ದಟ್ಟವಾಗಿ ಒದ್ದೆಯಾಗಿ. ಯಾರಾದರೂ ಮಳೆಯ ಹೆಸರು ಹೇಳಿದರೆ ಮೊದಲು ಕನೆಕ್ಟರ್ ಬಿಚ್ಚಿ ತೋರಿಸಲು ಹೇಳಿ.

ಜಗಳವಾಡಿದ ಮೇಲೆ 30 ಡಿಬಿಐ ಡಿಶ್ ತಂದರು. ಅದಕ್ಕೆ ಬೇರೆ ದುಡ್ಡು. ಮೊಬೈಲ್ ದಿಕ್ಸೂಚಿ ಹಿಡಿದು ತಿರುಗಿಸಿದರು. ಕಬ್ಬಿಣದ ಪೈಪ್ ಪಕ್ಕ ಹಿಡಿದರೆ ಅದು ಸರಿಯಾಗಿ ತೋರಿಸುವುದೇ ಇಲ್ಲ. ಸಿಗ್ನಲ್ ಸ್ವಲ್ಪ ಏರಿತು, ನಟ್ ಬಿಗಿದರು. ಪರದೆಯಲ್ಲಿ -76 ಡಿಬಿಎಂ ಬಂತು. ಸೊನ್ನೆಯಿಂದ ಕೆಳಗೆ ಹೋದಷ್ಟೂ ಸಿಗ್ನಲ್ ಕಡಿಮೆ ಅಂತ ಅರ್ಥ. "ನೀರಿನ ಮೇಲೆ ಇಷ್ಟೇ ಬರೋದು" ಅಂತ ಹೇಳಿ ಬಾಕಿ ದುಡ್ಡು ತೆಗೆದುಕೊಂಡು ಹೋದರು. ನಾನು ಕೊಟ್ಟೆ. ಈ ಬರಹ ಓದಿದವರು ಅಲ್ಲಿ ದುಡ್ಡು ಕೊಡದೆ ತಡೆಹಿಡಿಯಬೇಕು.

ಯಾಕೆಂದರೆ ಎಷ್ಟು ಬರಬೇಕು ಅನ್ನುವುದನ್ನು ಟೆರೇಸ್ ಹತ್ತುವ ಮೊದಲೇ ಲೆಕ್ಕ ಹಾಕಬಹುದು. ಐದು ಕಿಲೋಮೀಟರ್ ದಾರಿಯಲ್ಲಿ ಈ ಸಿಗ್ನಲ್ ಸುಮಾರು 122 ಡಿಬಿ ಕಳೆದುಕೊಳ್ಳುತ್ತದೆ. ಪವರ್ ಮಿತಿಯಲ್ಲೇ ಇಟ್ಟರೆ ಹೊರಡುವುದು 36, ಕಳೆಯುವುದು 122, ಆಚೆ ಡಿಶ್ ಕೂಡಿಸುವುದು 30. ಉತ್ತರ -56. ನಮಗೆ ಬಂದದ್ದು -76. ನಡುವೆ 20 ಡಿಬಿ, ಅಂದರೆ ನೂರು ಪಟ್ಟು ಕಡಿಮೆ. ಎರಡು ಮೂರು ಡಿಬಿ ಹೆಚ್ಚುಕಡಿಮೆ ಆಗುತ್ತದೆ. 20 ಕಡಿಮೆ ಬಂದರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ.

ತಪ್ಪು ಎಲ್ಲಿತ್ತು ಅಂದರೆ, ಡಿಶ್ ಕೂಡ ಟಾರ್ಚ್ ಥರ. ನಡುವೆ ಪ್ರಖರ ವೃತ್ತ, ಸುತ್ತ ಮಂಕಾದ ಬಳೆಗಳು. ಅವರು ಮಂಕು ಬಳೆಯೊಂದರ ಮೇಲೆ ನಿಲ್ಲಿಸಿ ಅದೇ ಶಿಖರ ಅಂದುಕೊಂಡಿದ್ದರು. ಇದನ್ನು ಸೈಡ್ ಲೋಬ್ ಅನ್ನುತ್ತಾರೆ. ಅಲ್ಲಿಂದ ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಗಿಸಿದರೆ ಸಿಗ್ನಲ್ ಇಳಿಯುತ್ತದೆ, ಹಾಗಾಗಿ ಸರಿಯಾಗಿ ಕೂತಿದೆ ಅಂತ ಮೋಸ ಹೋಗುತ್ತೇವೆ. ಈ ಡಿಶ್‌ನ ನಡು ಬೆಳಕು ಐದಾರು ಡಿಗ್ರಿ ಅಗಲ ಮಾತ್ರ. ಒಂದು ಡಿಗ್ರಿ ತಪ್ಪಿದರೆ ಆಚೆ ದಡದಲ್ಲಿ 87 ಮೀಟರ್ ತಪ್ಪುತ್ತದೆ.

ನಾನು ಮತ್ತು ಭಾವ ಒಂದು ಭಾನುವಾರ ಕೂತು ನಾವೇ ಮಾಡಿದೆವು. ಅವರು ಅಲ್ಲಿ ಫೋನ್ ಹಿಡಿದು ಸಂಖ್ಯೆ ಓದುತ್ತಿದ್ದರು. ಒಂದು ಕಡೆಯ ಡಿಶ್ ಮುಟ್ಟದೆ, ಇನ್ನೊಂದನ್ನು ಎಡದಿಂದ ಬಲಕ್ಕೆ ಪೂರ್ತಿ ನಿಧಾನವಾಗಿ ತಿರುಗಿಸಿದೆವು. ಪ್ರತಿ ಸಲ ಕದಲಿಸಿದ ಮೇಲೆ ನಾಲ್ಕೈದು ಸೆಕೆಂಡ್ ಕಾಯಬೇಕು, ಸಂಖ್ಯೆ ತಡವಾಗಿ ಬದಲಾಗುತ್ತದೆ. ಏರಿತು, ಇಳಿಯಿತು, ಮತ್ತೆ ಜೋರಾಗಿ ಏರಿತು, ಇಳಿಯಿತು, ಮತ್ತೆ ಸ್ವಲ್ಪ ಏರಿತು. ನಡುವಿನದೇ ನಿಜವಾದ ಶಿಖರ. ಆಮೇಲೆ ಮೇಲೆ ಕೆಳಗೆ ಹಾಗೇ. ನಟ್ ಬಿಗಿಯುವಾಗ ಡಿಶ್ ಜರುಗುತ್ತದೆ, ಬಿಗಿದ ಮೇಲೂ ಸಂಖ್ಯೆ ನೋಡಬೇಕು. -57 ಬಂದಾಗ ಭಾವ ಫೋನಿನಲ್ಲೇ ಕೂಗಿಬಿಟ್ಟರು.

ಆದರೂ ಲಿಂಕ್ ಹೋಗುವುದು ನಿಲ್ಲಲಿಲ್ಲ. ದಿನಕ್ಕೆ ಎರಡು ಸಲ, ಕೆಲವು ದಿನ ನಾಲ್ಕು ಸಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಹೊತ್ತು ಬರೆಯುತ್ತಾ ಹೋದೆ. ಅದನ್ನು ನೋಡಿದ್ದು ಟ್ರಾಲರ್ ಕೆಲಸಕ್ಕೆ ಬಂದಿದ್ದ ಹೊನ್ನಾವರದ ಹುಡುಗ. "ಅಣ್ಣಾ, ಇದು ಭರತಿ ಹೊತ್ತಲ್ವಾ? ದಿನಾ ಮುಕ್ಕಾಲು ತಾಸು ಮುಂದೆ ಹೋಗ್ತಿದೆ ನೋಡಿ" ಅಂದ.

ಅವನು ಹೇಳಿದ್ದೇ ಸರಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ನಮ್ಮ ಲಿಂಕ್ ಹೋಗುವ ಹೊತ್ತೂ ಹಾಗೇ ಜರುಗುತ್ತಿತ್ತು. ಡಿಶ್‌ನಿಂದ ಹೊರಟ ಸಿಗ್ನಲ್ ನೇರವಾಗಿ ಹೋಗುವುದರ ಜೊತೆಗೆ ನೀರಿಗೆ ಬಡಿದು ಚಿಮ್ಮಿಯೂ ಆಚೆ ತಲುಪುತ್ತದೆ. ಈ ಅಲೆಯ ಉದ್ದ ಐದು ಸೆಂಟಿಮೀಟರ್ ಮಾತ್ರ. ಎರಡು ದಾರಿಗಳ ವ್ಯತ್ಯಾಸ ಎರಡೂವರೆ ಸೆಂಟಿಮೀಟರ್ ಬದಲಾದರೆ ಸಾಕು, ಒಂದನ್ನೊಂದು ಬೆಂಬಲಿಸುತ್ತಿದ್ದ ಅಲೆಗಳು ಒಂದನ್ನೊಂದು ಅಳಿಸುತ್ತವೆ. ಗೋವಾದಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ನೀರು ಹೆಚ್ಚುಕಡಿಮೆ ಎರಡು ಮೀಟರ್ ಏರಿ ಇಳಿಯುತ್ತದೆ. ನೀರಿನ ಕನ್ನಡಿಯೇ ಮೇಲೆ ಕೆಳಗೆ ಆದಾಗ ಅಳಿಸುವ ಹೊತ್ತು ಬಂದೇ ಬರುತ್ತದೆ. ಡಿಶ್ ಇನ್ನಷ್ಟು ದೊಡ್ಡದಾದರೂ ಇದು ಸುಲಭವಾಗಿ ತಪ್ಪುವುದಿಲ್ಲ. ಎರಡು ದಾರಿಗಳ ನಡುವಿನ ಕೋನ ಒಂದೆರಡು ಡಿಗ್ರಿಯೂ ಇಲ್ಲ, ಡಿಶ್ ನೋಟದೊಳಗೇ ಎರಡೂ ಬೀಳುತ್ತವೆ.

ಪರಿಹಾರಕ್ಕೆ ಪೈಸೆ ಖರ್ಚಾಗಲಿಲ್ಲ. ನಮ್ಮ ಡಿಶ್ ಟೆರೇಸಿನ ಅಂಚಿನಲ್ಲಿ, ಎಲ್ಲಕ್ಕಿಂತ ಎತ್ತರದಲ್ಲಿತ್ತು. ಅದನ್ನು ಹಿಂದಕ್ಕೆ ಸರಿಸಿ ತಗ್ಗಿಸಿದೆವು. ಅಲ್ಲಿ ಕೂತು ನೋಡಿದರೆ ಆಚೆ ದಡ ಕಾಣುತ್ತದೆ, ನಡುವಿನ ನೀರು ಬಹಳಷ್ಟು ನಮ್ಮದೇ ಕಟ್ಟಡದ ಅಂಚಿನ ಮರೆಗೆ ಹೋಗುತ್ತದೆ. ಚಿಮ್ಮಿ ಬರುವ ಸಿಗ್ನಲ್‌ಗೆ ಆ ಅಂಚು ಅಡ್ಡವಾಯಿತು. ನೇರ ಸಿಗ್ನಲ್ ಒಂದೆರಡು ಡಿಬಿ ಕಡಿಮೆಯಾಯಿತು, ಹೋಗಿ ಬರುವುದು ನಿಂತಿತು. ಎತ್ತರ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವುದು ನೆಲದ ಮೇಲಿನ ಲಿಂಕ್‌ಗೆ ಸರಿ. ಅಲ್ಲಿ ಕಣ್ಣಿಗೆ ಕಂಡರೆ ಸಾಲದು. ಐದು ಕಿಲೋಮೀಟರಿನ ನಡುವೆ ನೇರ ಗೆರೆಯ ಸುತ್ತ ಐದು ಮೀಟರಾದರೂ ಮರ, ಕಟ್ಟಡ ಇಲ್ಲದೆ ಖಾಲಿ ಇರಬೇಕು. ನೀರಿನ ಮೇಲೆ ಲೆಕ್ಕ ಬೇರೆ.

ಇನ್ನೊಂದು ಸಣ್ಣ ವಿಷಯ. ಇಲ್ಲಿನ ಉಪ್ಪು ಗಾಳಿಗೆ ಸಾಮಾನ್ಯ ಕ್ಲಾಂಪ್ ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಕೇಳಿ ಹಾಕಿಸಿ.

ಈಗ ಭಾವ ದಿವಾಡಿ ದ್ವೀಪದಲ್ಲಿರುವ ಗೆಳೆಯರಿಗೆ ಇಂಥದ್ದೇ ಲಿಂಕ್ ಮಾಡಿಸುತ್ತಿದ್ದಾರೆ. ಕೆಲಸ ಹಿಡಿದವರಿಗೆ ಮೊದಲೇ ಕಾಗದದಲ್ಲಿ ಬರೆದು ಕೊಟ್ಟಿದ್ದಾರೆ: ಬರಬೇಕಾದ ಸಂಖ್ಯೆ ಇದು, ಪವರ್ ಮಿತಿ ಇದು, ಅರ್ಧ ದುಡ್ಡು ಕೆಲಸ ಮುಗಿದ ದಿನ, ಉಳಿದರ್ಧ ಒಂದು ಹುಣ್ಣಿಮೆ ದಾಟಿದ ಮೇಲೆ.